ನೀಲಿ ತಗಡಿನ ಮೇಲೆ ಅಕ್ಕನ ಮುಖ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ. ಈ ಮೂರರಲ್ಲಿ ಒಂದು ನನ್ನ ಊರು. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಊರಿನ ಮಾನ ಕಳೆದಳು ಎನ್ನುತ್ತಾರೆ. ಆ ಊರಿನವರಿಂದ ಒಮ್ಮೆ ಅನ್ನಿಸಿಕೊಂಡಿದ್ದು ನನಗೆ ಸಾಕಾಗಿದೆ.

ನಮ್ಮೂರಲ್ಲಿ ಬಸ್ ಸ್ಟ್ಯಾಂಡಿನ ಮಗ್ಗುಲಿಗೆ ಹಳೇ ಮಾರ್ಕೆಟ್ಟು ಇತ್ತು. ಹೆಂಚು ಜರುಗಿ, ತೊಲೆಗೆ ಗೆದ್ದಲು ಹಿಡಿದು, ಮಳೆ ಬಂದರೆ ಒಳಗೆ ಕೊಚ್ಚೆ. ಅದನ್ನು ಕೆಡವಿದ್ದರ ಬಗ್ಗೆ ನನಗೆ ತಕರಾರಿಲ್ಲ. ಅದೇ ಜಾಗದಲ್ಲಿ ಅಂತಸ್ತಿನ ಕಟ್ಟಡ ಬರುತ್ತದೆ, ಹಳಬರಿಗೇ ಮೊದಲು ಅಂಗಡಿ ಎಂದರು. ಜೆಸಿಬಿ ಬಂತು, ಗೋಡೆ ಬಿತ್ತು, ಸುತ್ತ ಆಳೆತ್ತರಕ್ಕೂ ಮೀರಿದ ನೀಲಿ ತಗಡಿನ ಬೇಲಿ ನಿಂತಿತು. ಕೆಲವು ವಾರ ಒಳಗಿನಿಂದ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು. ಒಳಗೆ ಏನಾಗುತ್ತಿದೆ ಎಂದು ನೋಡಲು ಜನ ತಗಡಿನ ಸಂದಿಗೆ ಕಣ್ಣಿಡುತ್ತಿದ್ದರು. ಒಳಗೆ ಗುಂಡಿ, ಗುಂಡಿಯಲ್ಲಿ ನೀರು. ಅಷ್ಟೇ.

ನನ್ನ ಅಕ್ಕ ಆ ಮಾರ್ಕೆಟ್ಟಿನಲ್ಲಿ ಬಳೆ ಅಂಗಡಿ ಇಟ್ಟಿದ್ದಳು. ನನಗಿಂತ ಬಹಳ ದೊಡ್ಡವಳು, ನಾನು ಶಾಲೆಗೆ ಸೇರುವ ಹೊತ್ತಿಗೆ ಅವಳ ಮದುವೆಯೂ ಆಗಿತ್ತು. ಭಾವ ಗೂಡ್ಸ್ ಆಟೋ ಓಡಿಸುತ್ತಾರೆ. ಮಾರ್ಕೆಟ್ಟು ಬಿದ್ದ ಮೇಲೆ ಅಕ್ಕ ಮನೆಯಲ್ಲಿ ಕೂರಲಿಲ್ಲ. ತಗಡಿನ ಬೇಲಿಯ ಮೇಲಂಚಿಗೆ ಕಂಬಿಯ ಕೊಕ್ಕೆ ಸಿಕ್ಕಿಸಿ ಬಳೆ ಸರಗಳನ್ನು ಇಳಿಬಿಟ್ಟಳು. ಕೆಳಗೆ ಒಂದು ಮಂಚದ ಮೇಲೆ ಕುಂಕುಮ, ಹೇರ್‌ಪಿನ್ನು, ಕ್ಲಿಪ್ಪು, ರಿಬ್ಬನ್ನು. ನೀಲಿ ತಗಡಿನ ಮೇಲೆ ಕೆಂಪು ಹಸಿರು ಗಾಜು ಮೊದಲಿನ ಕತ್ತಲೆ ಅಂಗಡಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಅವಳನ್ನು ನೋಡಿ ಉಳಿದವರೂ ಬಂದರು. ಬೀಗ, ಕೊಡೆ ರಿಪೇರಿ ಮಾಡುವ ಸಾಬರು, ಎಳನೀರಿನವನು, ಹೂವಿನವರು, ಪ್ಲಾಸ್ಟಿಕ್ ಸಾಮಾನಿನವರು. ಒಳಗಿದ್ದ ಮಾರ್ಕೆಟ್ಟು ಬೇಲಿಯ ಹೊರಮೈಗೆ ಅಂಟಿಕೊಂಡು ಕೂತಿತು. ಕುಶಾಲನಗರದ ಕಡೆಗೆ ಹೋಗುವ ಬಸ್ಸು ಹತ್ತುವವರು, ಎಚ್.ಡಿ. ಕೋಟೆಯಿಂದ ಬಂದಿಳಿಯುವವರು, ಎಲ್ಲರೂ ಅದರ ಮುಂದೆಯೇ ಹಾಯಬೇಕು. ವ್ಯಾಪಾರ ಚೆನ್ನಾಗಿತ್ತು.

ನಾನು ಮೈಸೂರಿನಲ್ಲಿ ಚಿತ್ರಕಲೆ ಓದಿದವಳು. ಓದು ಮುಗಿಸಿ ಊರಿಗೆ ಬಂದು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಹುಟ್ಟುಹಬ್ಬದ ಹುಡುಗರ ತಲೆಗಳನ್ನು ಮೊಬೈಲ್ ಫೋಟೋದಿಂದ ಕತ್ತರಿಸಿ, ಮುಖಂಡರ ಸಾಲಿನಲ್ಲಿ ಅಂಟಿಸಿ, ಹಿಂದೆ ಸಿಂಹ ನಿಲ್ಲಿಸುವುದು ನನ್ನ ಕೆಲಸ. ಪುಣ್ಯತಿಥಿಗಾದರೆ ಸಿಂಹದ ಬದಲು ಮೋಡ. ಚಿತ್ರ ಬರೆದರೆ ಯಾವ ಹೊಟ್ಟೆ ತುಂಬುತ್ತದೆ ಎಂದು ಅಪ್ಪ ಅಡ್ಡ ನಿಂತಾಗ ಜಗಳವಾಡಿ ನನ್ನನ್ನು ಮೈಸೂರಿಗೆ ಕಳಿಸಿದವಳು ಅಕ್ಕನೇ. ನನ್ನ ತಂಗಿ ಆರ್ಟಿಸ್ಟು ಎಂದು ಬಳೆ ತೊಡಿಸಿಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಯಾವ ಆರ್ಟಿಸ್ಟು? ತಲೆ ಕತ್ತರಿಸುವವಳು.

ಹೀಗಿರುವಾಗ ಮೈಸೂರಿನ ಒಂದು ಕಲಾ ಸಂಸ್ಥೆಯವರು, ಕಟ್ಟಡದ ಕಂಟ್ರಾಕ್ಟರ್ ಜೊತೆ ಸೇರಿ, ಹೊಸ ಕಲಾವಿದರಿಂದ ಬೇಲಿಯ ಮೇಲೆ ಚಿತ್ರ ಬರೆಸುತ್ತಾರಂತೆ ಎಂದು ಗೊತ್ತಾಯಿತು. ಕಟ್ಟಡ ಏಳುವವರೆಗೆ ಇರುವ ಚಿತ್ರ. ಎದ್ದ ಮೇಲೆ ತಗಡೂ ಇಲ್ಲ, ಚಿತ್ರವೂ ಇಲ್ಲ. ನನ್ನ ಕಾಲೇಜಿನ ಕೆಲಸಗಳ ಫೋಟೋ ಕಳಿಸಿದೆ. ಇಬ್ಬರನ್ನು ಆರಿಸಿದರು. ಒಬ್ಬಳು ನಾನು, ಇನ್ನೊಬ್ಬ ಎಚ್.ಡಿ. ಕೋಟೆ ಕಡೆಯವನು, ನನ್ನ ಓರಗೆಯವನೇ, ರೆಸಾರ್ಟುಗಳ ಗೋಡೆಗೆ ಕಾಡುಪ್ರಾಣಿ ಬರೆದು ಹೆಸರು ಮಾಡುತ್ತಿದ್ದವನು.

ಸಂಸ್ಥೆಯ ಸಂಯೋಜಕ ಬೇಲಿ ನೋಡಲು ಬಂದ. ಖಾದಿ ಜುಬ್ಬಾ, ಕುತ್ತಿಗೆಗೆ ಕ್ಯಾಮೆರಾ. ಮಾತಿಗೊಮ್ಮೆ ಸಮುದಾಯ ಎನ್ನುತ್ತಿದ್ದ. ತಗಡಿನ ಮೇಲೆ ಅಂಗೈ ಇಟ್ಟು, ಇದು ಸತ್ತ ಗೋಡೆ, ಇದಕ್ಕೆ ಜೀವ ತುಂಬಬೇಕು ಎಂದ. ಅವನ ಕಿವಿಯ ಪಕ್ಕದಲ್ಲೇ ಅಕ್ಕನ ಬಳೆ ಸರಗಳು ಗಾಳಿಗೆ ಝಲ್ಲೆನ್ನುತ್ತಿದ್ದವು. ಅವುಗಳನ್ನು ಅವನು ಮಳೆಹನಿ ಸರಿಸುವಂತೆ ಕೈಯಲ್ಲಿ ಸರಿಸಿದ. ಆಗಲೇ ಅವನ ಮೇಲೆ ನನಗೆ ಸಿಟ್ಟು ಹುಟ್ಟಿತ್ತು, ಆದರೆ ಗೋಡೆ ಕೈ ತಪ್ಪೀತು ಎಂದು ಸುಮ್ಮನಿದ್ದೆ.

ಅಂದು ಮನೆಯಲ್ಲಿ ಅಕ್ಕನಿಗೆ ವಿಷಯ ಹೇಳಿದಾಗ ಅವಳು ಹಿಗ್ಗಿದಳು. ಸ್ವಲ್ಪ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿದಳು.

"ನೀನು ಬರೀವಾಗ ನಮ್ ಕೊಕ್ಕೆ ಎಲ್ಲಿಗೆ ಸಿಗಾಕನ?"

ಮಾರನೆಯ ದಿನ ಸಂಯೋಜಕನಿಗೆ ಫೋನ್ ಮಾಡಿ ಕೇಳಿದೆ. ಅದನ್ನೆಲ್ಲ ಮಾತಾಡಿದ್ದೇವೆ, ಅವರಿಗೆ ಬೇರೆ ಜಾಗ ಕೊಡುತ್ತಾರೆ, ಚಿತ್ರ ಮುಗಿಯುವ ತನಕ ಒಂದು ತಿಂಗಳ ಮಾತು ಅಷ್ಟೇ ಎಂದ. ಅದನ್ನೇ ಅಕ್ಕನಿಗೆ ಹೇಳಿದೆ. ಅಕ್ಕ ಉಳಿದವರಿಗೆ ಹೇಳಿದಳು. ನಮ್ಮ ಹುಡುಗಿಯೇ ಇದ್ದಾಳೆ ಎಂದು ಎಲ್ಲರೂ ನಂಬಿದರು.

ಬೇರೆ ಜಾಗ ಎಂದರೆ ಕೋಳಿ ಅಂಗಡಿಗಳ ಹಿಂದಿನ ಓಣಿ. ಕೆಲಸ ಶುರುವಾಗುವ ದಿನ ಬೆಳಿಗ್ಗೆ ನಾನು ಬ್ರಷ್ಷು, ಡಬ್ಬಗಳ ಚೀಲ ಹೊತ್ತು ಹೋಗುವ ಹೊತ್ತಿಗೆ ಟ್ರ್ಯಾಕ್ಟರ್ ಬಂದು ನಿಂತಿತ್ತು. ಕಂಟ್ರಾಕ್ಟರನ ಆಳುಗಳು ಮಂಚ, ಬುಟ್ಟಿ, ಕೊಡೆಗಳನ್ನೆಲ್ಲ ಟ್ರೈಲರಿಗೆ ಎತ್ತಿ ಹಾಕುತ್ತಿದ್ದರು. ಎಳನೀರಿನವನು ಕೂಗಾಡುತ್ತಿದ್ದ. ಸಾಬರು ತಮ್ಮ ಬೀಗದ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡದೆ ಎದೆಗೆ ಅವುಚಿಕೊಂಡು ನಿಂತಿದ್ದರು. ಒಬ್ಬ ಆಳು ಕೊಕ್ಕೆಯಿಂದ ಬಳೆ ಸರ ಎಳೆದ. ದಾರ ಕಿತ್ತು ಗಾಜಿನ ಬಳೆಗಳು ಡಾಂಬರಿನ ಮೇಲೆ ಚೆಲ್ಲಿ ಚೂರಾದವು. ಅಕ್ಕ ಬಗ್ಗಿ ಒಡೆಯದ ಬಳೆಗಳನ್ನು ಆರಿಸುತ್ತಾ ತಲೆಯೆತ್ತಿ ನನ್ನನ್ನು ನೋಡಿದಳು.

"ಮಾತಾಡವ್ರೆ ಅಂದ್ಯಲ್ಲ ಕಣೇ."

"ನಂಗೆ ಹಂಗೇ ಹೇಳಿದ್ರಕ್ಕ."

"ಯಾರ್ ಏಳುದ್ರು?"

ನಾನು ಸಂಯೋಜಕನ ಕಡೆ ಕೈ ತೋರಿಸಿದೆ. ಅವನು ರಸ್ತೆಯ ಆಚೆ ಬದಿಗೆ ನಿಂತು ಖಾಲಿಯಾಗುತ್ತಿದ್ದ ಬೇಲಿಯ ಫೋಟೋ ತೆಗೆಯುತ್ತಿದ್ದ.

ಅವತ್ತೇ ಬಿಟ್ಟುಬರಬೇಕಿತ್ತು ಎಂದು ಆಮೇಲೆ ಬಹಳ ಜನ ಹೇಳಿದರು. ಹೇಳುವವರಿಗೇನು. ಕಾಲೇಜು ಬಿಟ್ಟ ಮೇಲೆ ಫ್ಲೆಕ್ಸ್ ಅಲ್ಲದ ಒಂದು ಚಿತ್ರ ಬರೆದುಕೊಡು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅಷ್ಟುದ್ದದ ಗೋಡೆ ನನ್ನ ಪಾಲಿಗೆ ಬಂದಿತ್ತು. ಬಿಡಲು ನಾನು ತಯಾರಿರಲಿಲ್ಲ. ಬದಲಿಗೆ ಅವತ್ತು ಸಿಟ್ಟಿನಲ್ಲೇ ಒಂದು ನಿರ್ಧಾರ ಮಾಡಿದೆ. ಅದುವರೆಗೆ ನಾನು ತೋರಿಸಿದ್ದ ಸ್ಕೆಚ್ಚಿನಲ್ಲಿ ತಂಬಾಕಿನ ಹೊಲ, ಬಸ್ಸು, ಕೆರೆ ಇದ್ದವು. ಅದನ್ನು ಮಡಿಸಿಟ್ಟೆ. ಎಬ್ಬಿಸಿದವರನ್ನೆಲ್ಲ, ಅವರವರು ಕೂರುತ್ತಿದ್ದ ತಗಡಿನ ಮೇಲೆಯೇ, ಆಳಿನ ಅಳತೆಯಲ್ಲಿ ಬರೆಯುತ್ತೇನೆ ಎಂದುಕೊಂಡೆ. ನೀವು ಎಬ್ಬಿಸಿದಿರಿ, ನಾನು ಕೂರಿಸುತ್ತೇನೆ. ನನ್ನ ಲೆಕ್ಕದಲ್ಲಿ ಅದು ಸೇಡು.

ಬೇಸಿಗೆಯ ತಗಡು ಹಂಚಿನ ಹಾಗೆ ಕಾಯುತ್ತದೆ. ಹತ್ತು ಗಂಟೆಯ ಮೇಲೆ ಪೇಂಟು ಬ್ರಷ್ಷಿನಲ್ಲೇ ಒಣಗುತ್ತಿತ್ತು. ನಾನು ಸ್ಟೂಲಿನ ಮೇಲೆ ನಿಂತಿದ್ದರೆ ಬಸ್ಸಿನ ಕಿಟಕಿಗಳಿಂದ ಗಂಡಸರ ಮಾತು ಬೆನ್ನಿಗೆ ಬಡಿಯುತ್ತಿತ್ತು. ಅದು ನನಗೆ ಹೊಸದಲ್ಲ. ಹೊಸದು ಬೇರೆ ಇತ್ತು. ಎದುರಿನ ಹೋಟೆಲಿನ ಹೆಂಗಸು ಮೊದಲ ದಿನ ಒಂದು ಬಕೆಟ್ ನೀರು ಕೊಟ್ಟವಳು ಮೂರನೆಯ ದಿನ ಕೊಡಲಿಲ್ಲ. ಬೇಲಿಯವರೇ ಅವಳ ಗಿರಾಕಿಗಳು. ಅವರು ಹೋದ ಮೇಲೆ ಮಧ್ಯಾಹ್ನದ ಊಟ ಅರ್ಧ ಉಳಿಯುತ್ತಿತ್ತಂತೆ. ನಲ್ಲಿ ನಿಂತಿದೆ ಎಂದಳು. ನಲ್ಲಿಯ ನೀರು ಡ್ರಮ್ಮಿಗೆ ಬೀಳುವ ಸದ್ದು ನನಗೆ ಕೇಳಿಸುತ್ತಿತ್ತು. ಓಣಿಗೆ ಹೋಗಿ ಬರುವ ವ್ಯಾಪಾರಿಗಳು ನನ್ನ ಹಿಂದೆ ನಿಂತು, ನನಗೆ ಕೇಳಿಸುವ ಹಾಗೆ, ಜಾಗ ಖಾಲಿ ಮಾಡಿಸಿದವಳು ಇವಳೇ ಎಂದು ಹೊಸಬರಿಗೆ ತೋರಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಅದೇ ನನ್ನ ಹೆಸರಾಯಿತು. ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ದಿನ ಬರೆದ ಸೀರೆಯ ಅಂಚಿನ ಮೇಲೆ ಎಲೆಅಡಿಕೆಯ ಉಗುಳು. ಒರೆಸುತ್ತಿದ್ದೆ. ಉಗಿದವನು ಕೈಗೆ ಸಿಕ್ಕಿದ್ದರೆ ಬ್ರಷ್ಷಿನ ಹಿಡಿಯಲ್ಲಿ ಕಣ್ಣಿಗೆ ತಿವಿಯುತ್ತಿದ್ದೆ, ಸುಳ್ಳಲ್ಲ.

ಎಚ್.ಡಿ. ಕೋಟೆಯವನಿಗೆ ಇದ್ಯಾವುದೂ ಇರಲಿಲ್ಲ. ಅವನ ಪಾಲಿನ ತಗಡುಗಳಲ್ಲಿ ಆನೆಗಳ ಹಿಂಡು ಕಬಿನಿ ಹಿನ್ನೀರಿಗೆ ಇಳಿಯುತ್ತಿತ್ತು. ಒಂದು ಹುಲಿ ಪೊದೆಯಿಂದ ಇಣುಕುತ್ತಿತ್ತು. ಅಪ್ಪ ಅಮ್ಮಂದಿರು ಮಕ್ಕಳನ್ನು ಆನೆಯ ಸೊಂಡಿಲಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಹೋಟೆಲಿನವಳು ಅವನಿಗೆ ಟೀ ಕೂಡ ಕಳಿಸುತ್ತಿದ್ದಳು. ಒಂದು ದಿನ ನಾನು ಉಗುಳು ಒರೆಸುತ್ತಿದ್ದಾಗ ಅವನು ಹತ್ತಿರ ಬಂದು ಹೇಳಿದ.

"ಆನೆ ಬರುದ್ರೆ ಯಾರೂ ಉಗಿಯಲ್ಲ ಕಣ್ರೀ. ನೀವೂ ಒಂದ್ ಜಿಂಕೆನಾದ್ರೂ ಬರೀರಿ."

ಪಾಪ, ಅವನು ಒಳ್ಳೆಯದಕ್ಕೇ ಹೇಳಿರಬಹುದು. ನಿನ್ನ ಆನೆಗಳು ಶಾಲೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಮೇಲಿನ ಆನೆಗಳ ಹಾಗಿವೆ ಎಂದುಬಿಟ್ಟೆ. ಅವನ ಮುಖ ಕಪ್ಪಿಟ್ಟಿತು. ಅಲ್ಲಿಂದಾಚೆ ನಮ್ಮಿಬ್ಬರ ನಡುವೆ ಮಾತಿಲ್ಲ. ಟರ್ಪೆಂಟೈನ್ ಡಬ್ಬ ಒಂದೇ ಇತ್ತು. ಬೇಕಾದವರು ಬಂದು ತೆಗೆದುಕೊಳ್ಳಬೇಕು, ಬೇಡವಾದವರು ಕಾಲಲ್ಲಿ ಆಚೆ ನೂಕಬೇಕು. ಹೀಗೆ ನಡೆಯಿತು.

ಸಾಬರ ಚಿತ್ರ ಮುಗಿದ ಮಾರನೆಯ ದಿನ ಅವರೇ ಬಂದರು. ವಯಸ್ಸಾದವರು, ನಮ್ಮ ಮನೆಯ ಬೀರುವಿನ ಬೀಗ ಕೆಟ್ಟರೆ ಅಪ್ಪ ಅವರನ್ನೇ ಕರೆಸುತ್ತಿದ್ದದ್ದು. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು. ನಾನು ಸ್ಟೂಲಿನಿಂದ ಇಳಿದು ನಿಂತೆ. ಹೊಗಳುತ್ತಾರೆ ಎಂದುಕೊಂಡೆನೋ ಏನೋ.

"ನಾನ್ ಕುಂತ್ರೆ ಎಬ್ಬುಸ್ತಾರೆ. ನನ್ ಚಿತ್ರ ಕುಂತ್ರೆ ಯಾರೂ ಎಬ್ಬುಸಾಕಿಲ್ಲ. ಇದ್ಯಾವ ನ್ಯಾಯ ಏಳಮ್ಮ?"

ನಿಮ್ಮ ಜಾಗ ನಿಮ್ಮದು ಎಂದು ಊರಿಗೆ ನೆನಪಿರಲಿ ಎಂದು ಬರೆದೆ ಎಂದು ನಾನು ಹೇಳಿದೆ. ಅವರು ಚಿತ್ರದ ಕಡೆ ಬೆರಳು ತೋರಿಸಿದರು. ಮುಖ ಅಳಿಸಿಬಿಡು ಎಂದರು. ಕೊಡೆ ಇರಲಿ, ಬೀಗ ಇರಲಿ, ಅವಕ್ಕೆ ಮರ್ಯಾದೆ ಹೋಗುವುದಿಲ್ಲ, ನನ್ನನ್ನು ಮಾತ್ರ ತೆಗೆ ಎಂದರು. ಧ್ವನಿ ಏರಿಸಲಿಲ್ಲ. ಅವರು ಅಲ್ಲೇ ನಿಂತಿರುವಂತೆಯೇ ನಾನು ಹಿನ್ನೆಲೆಯ ಬಣ್ಣ ತೆಗೆದುಕೊಂಡು ಮುಖ, ಗಡ್ಡ, ಕೈ ಎಲ್ಲ ಮುಚ್ಚಿದೆ. ಬಿಚ್ಚಿದ ಕೊಡೆಯ ಕೆಳಗೆ ಬೀಗಗಳಷ್ಟೇ ಉಳಿದವು. ಸರಿ ಎಂದು ತಲೆಯಾಡಿಸಿ ಹೊರಟುಹೋದರು. ನನಗೆ ಅವರ ಮೇಲೂ ಸಿಟ್ಟು ಬಂತು. ಎರಡು ದಿನದ ಕೆಲಸ ಅದು.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಅಕ್ಕನ ಚಿತ್ರ. ಮಂಚದ ಮೇಲೆ ಕೂತು, ಬಂದವಳೊಬ್ಬಳ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಬೆರಳ ಗೆಣ್ಣುಗಳನ್ನು ಒತ್ತಿ ಮಡಿಸಿ ಬಳೆ ಏರಿಸುತ್ತಿರುವ ಅಕ್ಕ. ಅವಳು ಬಳೆ ತೊಡಿಸುವಾಗ ಕೈಯನ್ನು ನೋಡುವುದಿಲ್ಲ, ಎದುರಿನವಳ ಮುಖ ನೋಡುತ್ತಾಳೆ. ಎಲ್ಲಿ ನೋಯುತ್ತದೆ ಎಂದು ಅವಳಿಗೆ ಮುಖದಿಂದಲೇ ತಿಳಿಯುತ್ತದೆ. ಆ ನೋಟ ಬರಲಿ ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಬಂತು. ನನ್ನ ಕೈಯಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರ ಇನ್ನೂ ಬಂದಿಲ್ಲ. ಆ ಮಾತನ್ನು ಈಗಲೂ ಹೇಳುತ್ತೇನೆ. ಅಲ್ಲಿಯವರೆಗೆ ಆನೆಯ ಹತ್ತಿರ ಮಾತ್ರ ನಿಲ್ಲುತ್ತಿದ್ದ ಹೆಂಗಸರು ಅಕ್ಕನ ಮುಂದೆಯೂ ನಿಂತು, ಬಳೆ ತೊಡಿಸಿಕೊಳ್ಳುವವರ ಹಾಗೆ ಕೈ ಚಾಚಿ ಫೋಟೋ ತೆಗೆಸಿಕೊಳ್ಳತೊಡಗಿದರು. ನನಗೆ ಗೆದ್ದ ಹಾಗಾಯಿತು.

ಅಕ್ಕ ಅಷ್ಟು ದಿನವೂ ಬೇಲಿಯ ಕಡೆ ಬಂದಿರಲಿಲ್ಲ. ಓಣಿಗೆ ಬೇರೆ ದಾರಿಯಿಂದ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಹೋಗಿ ನೋಡಿದರೆ ಅಕ್ಕನ ಮುಖಕ್ಕೆ ಡಾಂಬರು ಬಳಿದಿತ್ತು. ಮೂಲೆಯಲ್ಲಿ ರಸ್ತೆ ತೇಪೆ ಹಾಕುವವರು ಬಿಟ್ಟುಹೋದ ಡಾಂಬರಿನ ಡ್ರಮ್ಮು ಇತ್ತು. ಅದರಲ್ಲಿ ಅದ್ದಿದ ಕಡ್ಡಿಯೋ ಬಟ್ಟೆಯೋ. ಹಣೆಯಿಂದ ಗಲ್ಲದವರೆಗೆ ಕಪ್ಪು. ಆದರೆ ಅದು ಕಂಡಕಂಡಲ್ಲಿ ಎರಚಿದ್ದಲ್ಲ. ಕೈ ಹಾಗೇ ಇತ್ತು, ಬಳೆಗಳು ಹಾಗೇ ಇದ್ದವು, ಸೀರೆಗೆ ಒಂದು ಹನಿ ಸಿಡಿದಿರಲಿಲ್ಲ. ಮುಖ ಮಾತ್ರ.

ನಾನು ನೇರ ಓಣಿಗೆ ಹೋದೆ. ಅಲ್ಲಿ ಒಂದು ಬದಿಗೆ ಕೋಳಿ ಅಂಗಡಿಗಳ ಹಿಂಬಾಗಿಲು, ಪುಕ್ಕದ ರಾಶಿ, ನಾಯಿಗಳು. ಇನ್ನೊಂದು ಬದಿಗೆ ನಮ್ಮ ಜನ ಸಾಲಾಗಿ ಕೂತಿದ್ದರು. ಗಿರಾಕಿಗಳು ಯಾರೂ ಇರಲಿಲ್ಲ. ನಾನು ಬಾಯಿಗೆ ಬಂದಂತೆ ಬೈದೆ. ಉಗಿದದ್ದು ಸಾಲದೆ ಡಾಂಬರು ಬಳಿದಿರಾ, ನಿಮ್ಮ ಮನೆ ಹೆಣ್ಣಿನ ಮುಖ ಅದು, ಕೈ ಹೇಗೆ ಬಂತು ಎಂದು ಕೂಗಿದೆ. ಎಳನೀರಿನವನು ಮಚ್ಚು ಕೆಳಗಿಟ್ಟು ಎದ್ದು ನಿಂತ. ಜಗಳ ಕೈಗೆ ಬರುವುದರಲ್ಲಿತ್ತು. ಆಗ ಅಕ್ಕ ಕೂತಲ್ಲಿಂದಲೇ ಮಾತಾಡಿದಳು.

"ಅವರ್ನ ಯಾಕ್ ಬೈತೀಯೆ? ಬಳ್ದಿದ್ದು ನಾನು."

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು ಹತ್ತಿರ ಬಂದಳು. ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಹೋಗಿರಲಿಲ್ಲ.

"ಯಾಕಕ್ಕ?"

"ಅಲ್ಲಿ ನನ್ ಚಿತ್ರದ್ ಮುಂದೆ ಕೈ ಚಾಚ್ಕಂಡು ಫೋಟೋ ತೆಗುಸ್ಕತಾವ್ರೆ. ಇಲ್ಲಿ ನನ್ ತಾವ ಕೈ ಚಾಚಾಕೆ ಒಬ್ಳೂ ಬರಾಕಿಲ್ಲ."

"ಅವ್ರು ನಿನ್ನ ಎಬ್ಬಿಸಿದ್ರು. ನಾನು ನಿನ್ನ ವಾಪಸ್ ಕೂರಿಸ್ದೆ."

"ನನ್ನಲ್ಲ ಕಣೇ ಕೂರ್ಸಿದ್ದು. ನಾನು ಇಲ್ಲಿ ಪುಕ್ಕದ್ ಪಕ್ಕ ಕುಂತಿವ್ನಿ. ಕಣ್ಣಿಗೆ ಕಾಣಾಕಿಲ್ವಾ?"

ಎಲ್ಲರೂ ಕೇಳುತ್ತಿದ್ದರು. ಆ ಅವಮಾನಕ್ಕೋ ಏನೋ, ನಾನು ಆಡಬಾರದ್ದು ಆಡಿದೆ. ಬಳೆ ಮಾರುವವಳಿಗೆ ಚಿತ್ರ ಏನು ಗೊತ್ತಾಗುತ್ತದೆ ಎಂದೆ. ಅಕ್ಕ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಗೊತ್ತಾಗಿದ್ಕೇ ಬಳ್ದಿದ್ದು" ಎಂದು ಹೇಳಿ ಹೋಗಿ ಮಂಚದ ಮೇಲೆ ಕೂತಳು.

ಆ ದಿನ ನಾನು ಕೆಲಸ ಮಾಡಲಿಲ್ಲ. ಮನೆಗೂ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಆ ಕಪ್ಪು ಮುಖವನ್ನೇ ನೋಡುತ್ತಿದ್ದೆ. ಅಕ್ಕನ ಮೇಲಿನ ಸಿಟ್ಟು ಕಡಿಮೆಯಾಗಲಿಲ್ಲ. ಬರೆಯುವ ಮೊದಲು ಕೇಳಬಹುದಿತ್ತು ನಿಜ, ಆದರೆ ಕೇಳಲು ಅವಳು ಮಾತೇ ಬಿಟ್ಟಿದ್ದಳಲ್ಲ. ಹೀಗೆ ಮನಸ್ಸಿನಲ್ಲೇ ವಾದ ಮಾಡುತ್ತಾ ಕೂತೆ. ಮಧ್ಯಾಹ್ನದ ಬಿಸಿಲಿಗೆ ಡಾಂಬರು ಕರಗಿ ಕುತ್ತಿಗೆಯ ಮೇಲೆ ಸಣ್ಣಗೆ ಇಳಿಯತೊಡಗಿತು.

ಉದ್ಘಾಟನೆಗೆ ಎರಡು ದಿನ ಇರುವಾಗ ಸಂಯೋಜಕ ಬಂದ. ಬೈಯುತ್ತಾನೆ, ಸರಿಮಾಡು ಎನ್ನುತ್ತಾನೆ ಎಂದು ಕಾದಿದ್ದೆ. ಅವನ ಮುಖ ಅರಳಿತು. ಯಾರು ಮಾಡಿದ್ದು ಎಂದು ಕೇಳಿದ. ಹೇಳಿದೆ. ಹೇಳಬಾರದಿತ್ತು. ಅವನು ಕ್ಯಾಮೆರಾ ಬಿಚ್ಚಿ ಹತ್ತಿರದಿಂದ, ದೂರದಿಂದ, ಬಗ್ಗಿ, ಕೂತು ಫೋಟೋ ತೆಗೆದ. ಇದನ್ನು ಮುಟ್ಟಬೇಡ, ಹೀಗೇ ಇರಲಿ, ಸಮುದಾಯ ಕಲೆಯ ಜೊತೆ ನಡೆಸಿದ ಸಂವಾದ ಇದು ಎಂದ. ಉದ್ಘಾಟನೆಯ ದಿನ ಅಕ್ಕನನ್ನು ಕರೆಸಬೇಕಂತೆ. ಈ ಚಿತ್ರದ ಪಕ್ಕ ನಿಂತು ತನ್ನ ನೋವಿನ ಬಗ್ಗೆ ಎರಡು ಮಾತಾಡಿದರೆ ಸಾಕಂತೆ. ಮೈಸೂರಿನಿಂದ ಪತ್ರಿಕೆಯವರು ಬರುತ್ತಾರಂತೆ.

ಚಿತ್ರ ಮುಗಿಯಿತಲ್ಲ, ಇನ್ನು ಇವರೆಲ್ಲ ವಾಪಸ್ ಬಂದು ಕೂರಬಹುದಲ್ಲ ಎಂದು ಕೇಳಿದೆ. ಅವನು ನನ್ನನ್ನು ಸಣ್ಣ ಮಗುವನ್ನು ನೋಡುವ ಹಾಗೆ ನೋಡಿದ.

"ಅವರು ಬಂದು ಮುಂದೆ ಕೂತರೆ ಚಿತ್ರ ಯಾರಿಗೆ ಕಾಣುತ್ತೆ ಹೇಳಿ? ಕಟ್ಟಡ ಮುಗಿಯೋವರೆಗೂ ಇದನ್ನ ಕಾಪಾಡಬೇಕು. ಸೆಕ್ಯುರಿಟಿ ಹಾಕಿಸ್ತಿದ್ದೀವಿ."

ಒಂದು ತಿಂಗಳು ಎಂದಿದ್ದಿರಲ್ಲ ಎಂದೆ. ಚಿತ್ರ ಇಷ್ಟು ಚೆನ್ನಾಗಿ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ ಎಂದು ಅವನು ನಕ್ಕ.

ಮಾರನೆಯ ದಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ತಗಡಿನದೇ ನೀಲಿಗೆ ಹೊಂದುವ ಎನಾಮಲ್ ಪೇಂಟ್ ತಂದೆ. ನಡುಮಧ್ಯಾಹ್ನ, ಬಸ್ ಸ್ಟ್ಯಾಂಡು ಜನರಿಂದ ತುಂಬಿದ ಹೊತ್ತು. ಕೊಡೆ ಮತ್ತು ಬೀಗಗಳಿಂದ ಶುರುಮಾಡಿದೆ. ರೋಲರ್ ಒಂದೇ ಸಮನೆ ಏರಿಳಿಯಿತು. ಹೂವಿನವಳು ಹೋದಳು, ಎಳನೀರಿನ ರಾಶಿ ಹೋಯಿತು, ಪ್ಲಾಸ್ಟಿಕ್ ಕೊಡಗಳು ಹೋದವು. ಜನ ಗುಂಪುಗೂಡಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಚ್ಚಿ ಎಂದು ಯಾರೋ ಅಂದದ್ದು ಕೇಳಿಸಿತು. ಬರೆಯುವುದೇಕೆ ಅಳಿಸುವುದೇಕೆ ಎಂದು ಒಬ್ಬ ಮುದುಕ ಗೊಣಗುತ್ತಾ ಹೋದ.

ಎಚ್.ಡಿ. ಕೋಟೆಯವನು ಓಡಿಬಂದ. ಜಾಮಿಟ್ರಿ ಬಾಕ್ಸಿನ ಜಗಳ ಆದ ಮೇಲೆ ಅವನು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು.

"ತಲೆಗಿಲೆ ಕೆಟ್ಟೈತೇನ್ರೀ ನಿಮ್ಗೆ?"

ನಾನು ನಿಲ್ಲಿಸಲಿಲ್ಲ. ಅವನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಂದು ಹಳೇ ಪೇಪರ್ ತಂದು, ನನ್ನ ಕೊನೆಯ ತಗಡಿಗೂ ಅವನ ಮೊದಲ ತಗಡಿಗೂ ನಡುವಿನ ಅಂಚಿಗೆ ಒತ್ತಿ ಹಿಡಿದು ನಿಂತ, ಅವನ ಆನೆಯ ಬಾಲಕ್ಕೆ ನನ್ನ ನೀಲಿ ಸಿಡಿಯದಿರಲಿ ಎಂದು. ನಾನು ಮುಗಿಸುವವರೆಗೂ ಹಿಡಿದಿದ್ದ.

ಕೊನೆಗೆ ಅಕ್ಕ. ಮೊದಲು ಕೈಗಳನ್ನು ಮುಚ್ಚಿದೆ. ಅಲ್ಲಿ ಮಾತ್ರ ರೋಲರ್ ನಿಧಾನವಾಯಿತು. ಮುಖ ಹೇಗೂ ಇರಲಿಲ್ಲ. ಆದರೆ ಡಾಂಬರಿನ ಮೇಲೆ ಎನಾಮಲ್ ನಿಲ್ಲುವುದಿಲ್ಲ. ಎರಡು ಕೋಟ್ ಹೊಡೆದರೂ ನೀಲಿಯ ಒಳಗಿನಿಂದ ಕಂದು ಕಲೆ ಮೇಲೆದ್ದು ಬಂತು. ಅದನ್ನು ಹಾಗೇ ಬಿಟ್ಟೆ.

ಸಂಯೋಜಕ ಫೋನಿನಲ್ಲಿ ಕಿರುಚಿದ. ನನಗೆ ಶಿಸ್ತಿಲ್ಲ, ನನ್ನಂಥವರಿಂದಲೇ ಹಳ್ಳಿ ಕಡೆಯ ಕಲಾವಿದರಿಗೆ ಯಾರೂ ಅವಕಾಶ ಕೊಡುವುದಿಲ್ಲ, ಇನ್ನು ಮೈಸೂರು ಜಿಲ್ಲೆಯಲ್ಲಿ ಒಂದು ಗೋಡೆಯೂ ನನಗೆ ಸಿಗುವುದಿಲ್ಲ ಎಂದ. ಅವನು ಹೇಳಿದ ಕೊನೆಯ ಮಾತು ಇಲ್ಲಿಯವರೆಗೆ ನಿಜವಾಗಿದೆ. ಆ ಸಮುದಾಯ ಎಂಬ ಪದವನ್ನು ಮಡಚಿ ಎಲ್ಲಿ ಇಟ್ಟುಕೊಳ್ಳಬೇಕು ಎಂದು ನಾನೂ ಅವನಿಗೆ ಹೇಳಿದೆ. ಇಲ್ಲಿ ಬರೆಯುವುದಿಲ್ಲ.

ಉದ್ಘಾಟನೆಯ ದಿನ ನನ್ನ ತಗಡುಗಳ ಮೇಲೆ ಉದ್ದಕ್ಕೆ ಒಂದು ಫ್ಲೆಕ್ಸ್ ಕಟ್ಟಿದ್ದರು, ಗಣ್ಯರ ಮುಖಗಳಿದ್ದದ್ದು. ನಮ್ಮ ಅಂಗಡಿಯಲ್ಲೇ, ನಾನಿಲ್ಲದಾಗ ಮಾಡಿಸಿಕೊಂಡು ಹೋಗಿದ್ದರು. ನಾನು ಎದುರಿನ ಹೋಟೆಲಿನ ಸೂರಿನ ಕೆಳಗೆ ನಿಂತು ನೋಡಿದೆ. ಭಾಷಣಗಳಾದವು. ಆನೆಗಳ ಮುಂದೆ ಹಾರ ಹಾಕಿಸಿಕೊಂಡವರು ಸಾಲಾಗಿ ನಿಂತರು. ಮೈಕಿನಲ್ಲಿ ಒಬ್ಬನೇ ಕಲಾವಿದನ ಹೆಸರು ಕೇಳಿಸಿತು. ಅವನು ಶಾಲು ಹೊದ್ದು ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಬರಲಿಲ್ಲ.

ಆಷಾಢದ ಗಾಳಿಗೆ ಫ್ಲೆಕ್ಸು ಹರಿದು ಜೋತುಬಿತ್ತು. ಸೆಕ್ಯುರಿಟಿಯವನು ಚಿತ್ರ ಕಾಯುವ ಆಳು. ಆನೆಯ ಮುಂದೆ ಯಾರಾದರೂ ಬುಟ್ಟಿ ಇಳಿಸಿದರೆ ಅಟ್ಟಿಸಿಕೊಂಡು ಬರುತ್ತಿದ್ದ. ಬರೀ ನೀಲಿ ತಗಡಿನ ಮುಂದೆ ಕೂತರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೊದಲು ಸಾಬರು ತಮ್ಮ ಪೆಟ್ಟಿಗೆ ತಂದಿಟ್ಟು ಕೊಡೆ ಬಿಚ್ಚಿದರು. ಅವನು ಸುಮ್ಮನೆ ನೋಡಿದ. ಮಾರನೆಯ ದಿನ ಹೂವಿನವರು ಬಂದರು. ಒಂದು ವಾರದೊಳಗೆ ಕೊಕ್ಕೆಗಳು ಏರಿದವು. ಎಲ್ಲರಿಗಿಂತ ಕೊನೆಗೆ ಅಕ್ಕ ಬಂದಳು.

ಇದರಿಂದ ನನಗೆ ಒಳ್ಳೆಯ ಹೆಸರು ಬಂತು ಎಂದುಕೊಳ್ಳಬೇಡಿ. ನನ್ನ ಪಾಲಿನ ತಗಡುಗಳು ಬೇಲಿಯಲ್ಲಿ ಅರ್ಧಕ್ಕೂ ಕಡಿಮೆ. ಎಲ್ಲರಿಗೂ ಜಾಗ ಸಾಲಲಿಲ್ಲ. ಯಾರು ಎಲ್ಲಿ ಎಂದು ಅವರೊಳಗೇ ಕಿತ್ತಾಟ ಶುರುವಾಯಿತು, ಒಂದು ದಿನ ತಲೆ ಒಡೆಯುವವರೆಗೂ ಹೋಯಿತು. ಜಾಗ ಸಿಗದ ಎಳನೀರಿನವನು ದಾರಿಯಲ್ಲಿ ನನ್ನನ್ನು ತಡೆದು, ಆನೆಗಳಿಗೂ ಬಳಿಯಬೇಕಿತ್ತು, ಅರ್ಧ ಕೆಲಸ ಮಾಡಿ ಬಿಟ್ಟೆ ಎಂದ. ಬೇಕಾದರೆ ನೀನೇ ಬಳಿದುಕೋ ಎಂದೆ. ಅವನು ಈಗಲೂ ಓಣಿಯಲ್ಲಿದ್ದಾನೆ, ಈಗಲೂ ನನ್ನನ್ನು ಕಂಡರೆ ಕ್ಯಾಕರಿಸುತ್ತಾನೆ.

ಅಕ್ಕನಿಗೂ ನನಗೂ ಆ ಮಳೆಗಾಲವಿಡೀ ಮಾತಿರಲಿಲ್ಲ. ಅವ್ವನ ಸಕ್ಕರೆ ಕಾಯಿಲೆಯ ಮಾತ್ರೆ ತಂದೆಯಾ, ತಂದೆ, ಇಷ್ಟೇ. ಫ್ಲೆಕ್ಸ್ ಅಂಗಡಿಗೆ ಹೋಗುವಾಗ ಬೇಲಿಯ ಮುಂದೆಯೇ ಹೋಗಬೇಕು. ನಾನು ಬರುವುದು ಕಂಡರೆ ಅವಳು ಬೆನ್ನು ತಿರುಗಿಸಿ ಸರ ಸರಿಮಾಡುತ್ತಿದ್ದಳು. ನಾನೂ ರಸ್ತೆಯ ಆ ಬದಿಗೆ ದಾಟುತ್ತಿದ್ದೆ.

ಗೌರಿ ಹಬ್ಬದ ಹಿಂದಿನ ದಿನ ಭಾವ ಫೋನ್ ಮಾಡಿದರು. ಹೆಂಗಸರು ಮುಗಿಬಿದ್ದಿದ್ದಾರೆ, ಒಬ್ಬಳ ಕೈಯಲ್ಲಿ ಆಗುವುದಿಲ್ಲ, ಬಾ ಎಂದರು. ಅವಳು ಕರೆದಳಾ ಎಂದು ಕೇಳಿದೆ. ನಾನು ಕರೆಯುತ್ತಿದ್ದೇನೆ ಎಂದರು. ಹೋದೆ. ಅಕ್ಕ ಮಂಚದ ಒಂದು ತುದಿಗೆ ಸರಿದಳು. ಇಡೀ ದಿನ ಬಳೆ ತೆಗೆದುಕೊಟ್ಟೆ, ಚಿಲ್ಲರೆ ಕೊಟ್ಟೆ, ತೊಡಿಸಲು ಹೋಗಿ ಎರಡು ಒಡೆದೆ. ಆ ಕೈಗೆ ಎರಡು ನಾಲ್ಕಲ್ಲ, ಎರಡು ಆರರ ಅಳತೆ ಕೊಡು ಎಂದು ಅವಳು ನನ್ನ ಮುಖ ನೋಡದೆ ಗದರುತ್ತಿದ್ದಳು. ಸಂಜೆ ಜನ ಕರಗಿದ ಮೇಲೆ ಇಬ್ಬರೂ ಖಾಲಿ ದಾರಗಳನ್ನು ಸುತ್ತುತ್ತಿದ್ದಾಗ ನಾನು ತಡೆಯಲಾರದೆ ಕೇಳಿದೆ.

"ಆ ಮುಖ ಅಷ್ಟು ಕೆಟ್ಟದಾಗಿತ್ತಾ ಅಕ್ಕ?"

"ಚೆಂದಾಗಿತ್ತು. ಅದ್ಕೇ ಸಿಟ್ಟು ಬಂದಿದ್ದು."

ಆಮೇಲೆ ಕುಂಕುಮದ ಡಬ್ಬಗಳಿಗೆ ಮುಚ್ಚಳ ಹಾಕುತ್ತಾ, ನಾಳೆ ಬರಬೇಡ, ನಿನಗೆ ಬಳೆ ತೊಡಿಸಲು ಬರುವುದಿಲ್ಲ, ಸುಮ್ಮನೆ ಒಡೆಯುತ್ತೀಯ ಎಂದಳು. ನಾನು ಹೋಗಲಿಲ್ಲ.

ಈಗ ನಮ್ಮ ನಡುವೆ ಮಾತಿದೆ, ಮೊದಲಿನ ಮಾತಲ್ಲ. ನನ್ನ ತಂಗಿ ಆರ್ಟಿಸ್ಟು ಎಂದು ಅವಳು ಯಾರಿಗೂ ಹೇಳುವುದಿಲ್ಲ, ಯಾರಾದರೂ ಕೇಳಿದರೆ ಫ್ಲೆಕ್ಸ್ ಅಂಗಡಿಯಲ್ಲಿದ್ದಾಳೆ ಎನ್ನುತ್ತಾಳಂತೆ. ಅದು ನಿಜವೂ ಹೌದು. ಬೇಲಿಯ ಒಳಗೆ ಕಂಬಗಳು ಎದ್ದಿವೆ, ಕಟ್ಟಡ ಇನ್ನೂ ಎದ್ದಿಲ್ಲ. ಆನೆಗಳ ಬಣ್ಣ ಬಿಸಿಲಿಗೆ ಬಿಳಚಿಕೊಂಡಿದೆ. ಸೆಕ್ಯುರಿಟಿಯವನು ಕೆಲಸ ಬಿಟ್ಟು ಹೋದ. ಹೋದ ತಿಂಗಳು ಪ್ಲಾಸ್ಟಿಕ್ ಸಾಮಾನಿನವನೊಬ್ಬ ಹುಲಿಯ ಎರಡು ಕಣ್ಣಿನ ನಡುವೆ ಮೊಳೆ ಹೊಡೆದು ಬಕೆಟ್ಟು ನೇತುಹಾಕಿದ್ದನ್ನು ನೋಡಿದೆ. ಎಚ್.ಡಿ. ಕೋಟೆಯವನಿಗೆ ಫೋಟೋ ತೆಗೆದು ಕಳಿಸೋಣ ಎನ್ನಿಸಿತು. ಕಳಿಸಲಿಲ್ಲ. ಅವನ ನಂಬರ್ ನನ್ನ ಹತ್ತಿರ ಇಲ್ಲ.